ದೀಪದ ಲೆಕ್ಕ

ಬೆಂಗಳೂರಿಗೆ ಬರುವ ಪ್ರವಾಸಿಗರು ಲಾಲ್‌ಬಾಗಿನವರೆಗೆ ಬಂದು ಹಿಂತಿರುಗುವುದೇ ವಾಡಿಕೆ. ಅಲ್ಲಿಂದ ದಕ್ಷಿಣಕ್ಕೆ ಹಬ್ಬಿರುವ ಜಯನಗರ, ಜೆ. ಪಿ. ನಗರ, ಬನಶಂಕರಿ, ಬಿ. ಟಿ. ಎಂ. ಬಡಾವಣೆಗಳಲ್ಲಿ ಅವರಿಗೆ ತೋರಿಸತಕ್ಕ ಕೋಟೆಯಾಗಲಿ ಅರಮನೆಯಾಗಲಿ ಇಲ್ಲ. ಇವು ತಿಂಗಳ ಸಂಬಳ ತಂದು ಸಂಸಾರ ತೂಗಿಸುವವರ ನೆಲೆಗಳು. ಇಲ್ಲಿಯ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೋಗಿ ಬಂದುದನ್ನು ಪ್ರವಾಸವೆಂದು ಬರೆದರೆ ಓದುಗರು ನಕ್ಕಾರು. ಆದರೂ 2025ರ ಕಾರ್ತಿಕ ಮಾಸದ ಒಂದು ಭಾನುವಾರ, ಒಂದು ಲಕೋಟೆಯನ್ನೂ ಒಂದು ಹಳೆಯ ನೋಟುಪುಸ್ತಕವನ್ನೂ ಹಿಡಿದು ನಾನು ಮಾಡಿದ ಹತ್ತು ಹನ್ನೆರಡು ಕಿಲೋಮೀಟರುಗಳ ಸಂಚಾರ, ಹಂಪೆ ಬೇಲೂರುಗಳಿಗೆ ಹೋಗಿ ಬಂದುದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ನಿಂತಿದೆ. ಲಕೋಟೆಯಲ್ಲಿದ್ದುದು 1,420 ರೂಪಾಯಿ. ನೋಟುಪುಸ್ತಕದಲ್ಲಿದ್ದುದು ವಿದ್ಯುಚ್ಛಕ್ತಿಯ ಲೆಕ್ಕ.

ಎರಡೂ ನನ್ನ ಸೋದರತ್ತೆಯವರವು. ಅವರ ಮನೆ ಜಯನಗರದ ಮೂರನೆಯ ಬ್ಲಾಕಿನಲ್ಲಿದೆ. ಆ ಬಡಾವಣೆಯ ಹುಟ್ಟನ್ನು ಸಾರುವ ಅಶೋಕ ಸ್ತಂಭ ಅಲ್ಲಿಗೆ ಬಹಳ ದೂರವೇನಲ್ಲ. 1948ರಲ್ಲಿ, ಆಗ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರ್ಯರು ಜಯನಗರಕ್ಕೆ ಅಸ್ತಿಭಾರವಿಟ್ಟದ್ದರ ನೆನಪಿಗೆ ನಿಂತ ಕಂಬವದು. ಅಲ್ಲಿಂದ ಮುಂದೆ ಬ್ಲಾಕುಗಳು, ಮುಖ್ಯರಸ್ತೆಗಳು, ಅಡ್ಡರಸ್ತೆಗಳು ಲೆಕ್ಕದ ಪುಸ್ತಕದ ಗೆರೆಗಳಂತೆ ನೇರವಾಗಿ ಹೊರಟಿವೆ. ಹೀಗೆ ಅಳೆದು ಗೆರೆಯೆಳೆದ ಊರಿನಲ್ಲಿ ಬಾಳಿದವರಿಗೆ ಲೆಕ್ಕದ ಮೇಲೆ ವಿಶ್ವಾಸ ಹೆಚ್ಚು. ಅತ್ತೆಯವರ ವಿಷಯದಲ್ಲಂತೂ ಹೇಳಿ ತೀರದು. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾದ ಅವರಿಗೆ ಈಗ ಎಪ್ಪತ್ತೆಂಟು ವರ್ಷ. ಪ್ರತಿ ತಿಂಗಳ ಒಂದನೆಯ ತಾರೀಖು ಬೆಳಿಗ್ಗೆ, ಕಾಫಿಗೂ ಮುಂಚೆ, ಕನ್ನಡಕವನ್ನು ಸರಿಮಾಡಿಕೊಂಡು, ಜಗುಲಿಯ ಗೋಡೆಯಲ್ಲಿರುವ ಮೀಟರನ್ನು ಓದಿ ಪುಸ್ತಕದಲ್ಲಿ ಬರೆದಿಡುವುದು ಅವರ ನೇಮ. ನಾನು ಬಾಲಕನಾಗಿದ್ದಾಗಿನಿಂದಲೂ ಈ ನೇಮವನ್ನು ಬಲ್ಲೆ. ಪುಸ್ತಕಗಳು ಬದಲಾಗಿವೆ, ಮೀಟರು ಬದಲಾಗಿದೆ; ನೇಮ ತಪ್ಪಿಲ್ಲ.

ಮನೆಗೆ ಒಂದು ಮಹಡಿಯುಂಟು. ಎರಡು ಕೋಣೆ, ಒಂದು ಅಡುಗೆಮನೆ. ಮುದ್ರಣಾಲಯವೊಂದರಲ್ಲಿ ಕೆಲಸ ಮಾಡುವವರೊಬ್ಬರು ಹೆಂಡತಿ ಮಗಳೊಡನೆ ಅಲ್ಲಿ ಆರು ವರ್ಷ ಬಾಡಿಗೆಗೆ ಇದ್ದರು. ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿರುವಂತೆ ಇಡೀ ಮನೆಗೆ ಒಂದೇ ಮೀಟರು. ಮಹಡಿಯ ಬಳಕೆಯನ್ನು ತಿಳಿಯಲು ಅತ್ತೆಯವರು ಒಂದು ಉಪಮೀಟರನ್ನು ಹಾಕಿಸಿದ್ದರು. ಕೆಳಗೆ ಸುಮಾರು 92 ಯೂನಿಟ್, ಮೇಲೆ ಸುಮಾರು 120, ಒಟ್ಟು 212. ತಿಂಗಳು ತಿಂಗಳೂ ಇದೇ ಅಂಕಿ ನಾಲ್ಕೈದು ಯೂನಿಟ್ ಹೆಚ್ಚುಕಡಮೆಯಾಗಿ ಬರುತ್ತಿತ್ತು. ಬಿಲ್ಲು ಬಂದ ಸಂಜೆ ಮೇಲಿನ ಮನೆಯಾಕೆ ಇಳಿದುಬಂದು ತಮ್ಮ ಪಾಲನ್ನು ಕೊಟ್ಟು, ಒಂದು ಲೋಟ ಕಾಫಿ ಕುಡಿದು ಹೋಗುತ್ತಿದ್ದರು. ಮಗಳು ಅತ್ತೆಯವರಿಗೆ ಪತ್ರಿಕೆಯ ಧಾರಾವಾಹಿಯನ್ನು ಓದಿ ಹೇಳುತ್ತಿದ್ದಳು. ಒಂದೇ ಮೀಟರಿನ ಎರಡು ಮನೆಗಳು ಒಂದೇ ಮನೆಯಂತೆಯೇ ಇದ್ದವು.

2023ರ ಜೂನ್ ತಿಂಗಳಲ್ಲಿ ಬಂದ ಬಿಲ್ಲು ಇದನ್ನು ಕೆಡಿಸಿತು. ಅದುವರೆಗೆ ಎರಡು ಸಾವಿರವನ್ನು ಮುಟ್ಟದಿದ್ದ ಮೊತ್ತ ಒಮ್ಮೆಲೇ ಎರಡೂವರೆ ಸಾವಿರವನ್ನು ದಾಟಿತ್ತು. ಅತ್ತೆಯವರು ಆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅದರಲ್ಲಿ ನಿಗದಿತ ಶುಲ್ಕ, ಹೊಂದಾಣಿಕೆ ಶುಲ್ಕ, ತೆರಿಗೆ, ಬಾಕಿ ಎಂದು ಸಾಲುಸಾಲಾಗಿ ಅಚ್ಚಾಗಿತ್ತು. ಯಾವ ಸಾಲು ಏಕೆ ಬಂತೆಂಬುದು ಚೀಟಿಯಿಂದ ತಿಳಿಯುವಂತಿರಲಿಲ್ಲ. ತಾವು ಮೊದಲಿನಂತೆಯೇ ಒಂದು ದೀಪ, ಒಂದು ಫ್ಯಾನು, ಒಂದು ರೆಫ್ರಿಜರೇಟರು ಇಟ್ಟುಕೊಂಡಿರುವಾಗ ಇಷ್ಟು ಹಣ ಏರಬೇಕಾದರೆ ಅದು ಮೇಲಿನವರಿಂದಲೇ ಎಂದು ಅವರ ಮನಸ್ಸು ತೀರ್ಮಾನಿಸಿತು. ಉಪಮೀಟರು ನಿಧಾನವಾಗಿ ತಿರುಗುತ್ತಿರಬಹುದು. ಹುಡುಗಿ ರಾತ್ರಿ ಒಂದು ಗಂಟೆಯವರೆಗೆ ದೀಪ ಉರಿಸುತ್ತಾಳೆ. ಇಸ್ತ್ರಿಪೆಟ್ಟಿಗೆ ಹೊಸದಾಗಿ ಬಂದಿದೆ. ಹೀಗೆ ಅನುಮಾನಕ್ಕೆ ಬೇಕಾದ ಸಾಕ್ಷಿಗಳೆಲ್ಲ ತಾವಾಗಿಯೇ ಕೂಡಿಕೊಂಡವು.

ಹತ್ತು ಗಂಟೆಯ ಮೇಲೆ ಮಹಡಿಯಲ್ಲಿ ದೀಪ ಉರಿಯಕೂಡದೆಂದು ಅತ್ತೆಯವರು ಹೇಳಿಕಳುಹಿಸಿದರು. ಹುಡುಗಿ ಆಗ ಪಿ. ಯು. ಸಿ. ಓದುತ್ತಿದ್ದಳು. ಅವಳು ಓದಲು ಗೆಳತಿಯ ಮನೆಗೆ ಹೋಗತೊಡಗಿದಳು. ಕಾಫಿ ನಿಂತಿತು, ಧಾರಾವಾಹಿ ನಿಂತಿತು. ಸೆಪ್ಟೆಂಬರ್ ಕಳೆಯುತ್ತಲೇ ಅವರು ಮನೆ ಖಾಲಿ ಮಾಡಿದರು. ಮುಂಗಡ ಹಣವನ್ನು ಹಿಂದಿರುಗಿಸುವಾಗ ಅತ್ತೆಯವರು ‘ಕರೆಂಟಿನ ಬಾಕಿ’ ಎಂದು ತಿಂಗಳಿಗೆ 600ರಂತೆ ನಾಲ್ಕು ತಿಂಗಳಿಗೆ 2,400 ರೂಪಾಯಿ ಮುರಿದುಕೊಂಡರು. ಆ ಗೃಹಸ್ಥರು ಏನೂ ಮಾತಾಡಲಿಲ್ಲವಂತೆ. ಅನಂತರ ಅತ್ತೆಯವರು ಮಹಡಿಯನ್ನು ಯಾರಿಗೂ ಕೊಡಲಿಲ್ಲ.

ಇಷ್ಟಕ್ಕೇ ಕಥೆ ಮುಗಿಯುತ್ತಿತ್ತು. ಆದರೆ 2025ರ ಮೇ ತಿಂಗಳಲ್ಲಿ ಒಂದು ಸಂಜೆ ಅತ್ತೆಯವರು ನನ್ನನ್ನು ಕರೆಸಿಕೊಂಡರು.

“ಪೇಪರಿನಲ್ಲಿ ಯೂನಿಟ್ಟಿಗೆ ಹತ್ತು ಪೈಸೆ ಇಳಿಸಿದ್ದಾರೆ ಅಂತ ಬರೆದಿತ್ತು. ನಾನು ಸುಡುವುದು ಅದೇ 92 ಯೂನಿಟ್ಟು. ಬಿಲ್ಲು ಮಾತ್ರ ನೂರು ರೂಪಾಯಿಯಷ್ಟು ಹೆಚ್ಚಾಗಿದೆ. ಮೇಲೆ ಯಾರೂ ಇಲ್ಲ. ಈಗ ಯಾರ ಮೇಲೆ ಅನುಮಾನಪಡಲಿ, ಹೇಳು?” ಎಂದರು.

ಮಾತು ಹಾಸ್ಯದ್ದೇ, ಆದರೆ ಅವರು ನಗುತ್ತಿರಲಿಲ್ಲ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಹಳಗನ್ನಡದ ಪದ್ಯವನ್ನು ಬಿಡಿಸಿ ಅರ್ಥ ಹೇಳುವುದು ನನ್ನ ಕಸುಬು. ವಿದ್ಯುತ್ತಿನ ಬಿಲ್ಲನ್ನೂ ಹಾಗೆಯೇ ಸಂಧಿ ಬಿಡಿಸಿ, ಪದವಿಂಗಡಿಸಿ ನೋಡೋಣವೆಂದು ಇಬ್ಬರೂ ಕುಳಿತೆವು. ದರಗಳನ್ನು ನಿಗದಿಮಾಡುವ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಆಜ್ಞೆಗಳ ಸಾರಾಂಶವನ್ನು ಪತ್ರಿಕೆಗಳಿಂದ ಹುಡುಕಿ ತೆಗೆದೆ. ಅರ್ಥವಾಗುತ್ತ ಬಂದಂತೆ ಅದು ಅಷ್ಟೇನೂ ಕಠಿಣವಾದ ಕಾವ್ಯವಲ್ಲವೆಂದು ತಿಳಿಯಿತು.

ಬಿಲ್ಲಿನಲ್ಲಿ ಮುಖ್ಯವಾಗಿ ನಾಲ್ಕೈದು ಪದಗಳುಂಟು. ಮೊದಲನೆಯದು ಬಳಕೆಯ ಶುಲ್ಕ, ಎಂದರೆ ಉರಿಸಿದ ಯೂನಿಟ್ಟುಗಳ ಬೆಲೆ. 2024ರ ಏಪ್ರಿಲ್ 1ರಿಂದ ಮನೆಗಳಿಗೆ ಯೂನಿಟ್ಟಿಗೆ 5 ರೂಪಾಯಿ 90 ಪೈಸೆ ಇತ್ತು. 2025ರ ಏಪ್ರಿಲ್ 1ರಿಂದ 5 ರೂಪಾಯಿ 80 ಪೈಸೆಯಾಯಿತು. ಇಳಿದದ್ದು ನಿಜ. ಎರಡನೆಯದು ನಿಗದಿತ ಶುಲ್ಕ. ಮನೆಗೆ ತಂತಿ ಎಳೆಯುವಾಗ ಇಷ್ಟು ಕಿಲೋವ್ಯಾಟ್ ಎಂದು ಮಂಜೂರು ಮಾಡಿರುತ್ತಾರೆ. ದೀಪ ಹಚ್ಚಿದರೂ ಹಚ್ಚದಿದ್ದರೂ ಅದಕ್ಕೆ ಪ್ರತಿ ತಿಂಗಳೂ ಹಣ ತೆರಬೇಕು. ಕಿಲೋವ್ಯಾಟಿಗೆ 2023ರಲ್ಲಿ 110, 2024ರಲ್ಲಿ 120, 2025ರಲ್ಲಿ 145 ರೂಪಾಯಿ. ಅತ್ತೆಯವರ ಮನೆಗೆ ಮಂಜೂರಾದದ್ದು ಮೂರು ಕಿಲೋವ್ಯಾಟ್. ಆದ್ದರಿಂದ ಈ ಒಂದು ಬಾಬ್ತೇ 360ರಿಂದ 435ಕ್ಕೆ ಏರಿತ್ತು. ಮೂರನೆಯದು ಸರ್ಕಾರದ ತೆರಿಗೆ, ಬಳಕೆಯ ಮೊತ್ತದ ಮೇಲೆ ಶೇಕಡಾ 9. ನಾಲ್ಕನೆಯದು 2025ರ ಏಪ್ರಿಲಿನಲ್ಲಿ ಹೊಸದಾಗಿ ಬಂದದ್ದು: ವಿದ್ಯುತ್ ಇಲಾಖೆಯ ನೌಕರರ ನಿವೃತ್ತಿವೇತನದ ನಿಧಿಗೆಂದು ಯೂನಿಟ್ಟಿಗೆ 36 ಪೈಸೆ.

“ಸರಿ ಹೋಯಿತು. ನನ್ನ ಪಿಂಚಣಿಯಿಂದ ಅವರ ಪಿಂಚಣಿಗೆ!” ಎಂದು ಅತ್ತೆಯವರು ಮೊದಲ ಬಾರಿಗೆ ನಕ್ಕರು.

ಕೂಡಿಸಿ ನೋಡಿದೆವು. ತಿಂಗಳು ತಿಂಗಳೂ ಬದಲಾಗುವ ಹೊಂದಾಣಿಕೆ ಶುಲ್ಕವನ್ನು ಬದಿಗಿಟ್ಟರೆ, ಅದೇ 92 ಯೂನಿಟ್ಟಿಗೆ 2024ರ ದರದಲ್ಲಿ ಸುಮಾರು 952 ರೂಪಾಯಿ, 2025ರ ದರದಲ್ಲಿ ಸುಮಾರು 1,050. ಯೂನಿಟ್ಟಿನಲ್ಲಿ ಇಳಿಸಿದ್ದು ತಿಂಗಳಿಗೆ ಒಂಬತ್ತು ರೂಪಾಯಿ. ಇನ್ನೆರಡು ಸಾಲುಗಳಲ್ಲಿ ಏರಿಸಿದ್ದು ನೂರೆಂಟು. ಪತ್ರಿಕೆಯ ದೊಡ್ಡ ಅಕ್ಷರಗಳೂ ಸುಳ್ಳಲ್ಲ, ಬಿಲ್ಲೂ ಸುಳ್ಳಲ್ಲ. ಹಳೆಯ ಕಾಲದಲ್ಲಿ ಸ್ನಾನದ ನೀರಿಗೆ ಗೀಸರನ್ನು ಹಾಕಿಸಿದಾಗ ಮಂಜೂರಾದ ಮೂರು ಕಿಲೋವ್ಯಾಟ್ ಈಗಲೂ ಹಾಗೆಯೇ ನಿಂತಿದೆ. ಬಚ್ಚಲಿಗೆ ಸೌರ ಒಲೆಯ ಬಿಸಿನೀರು ಬಂದು ಎಷ್ಟೋ ವರ್ಷಗಳಾದವು. ಗೀಸರು ಗೋಡೆಯ ಮೇಲೆ ಅಲಂಕಾರಕ್ಕಿದೆ. ಹೊರೆಯನ್ನು ತಗ್ಗಿಸಿಕೊಡಿರೆಂದು ಅರ್ಜಿ ಕೊಡಬಹುದೆಂಬುದೂ ನಮಗೆ ಆಗಲೇ ತಿಳಿದದ್ದು.

ಲೆಕ್ಕ ಮುಗಿಯಿತೆಂದು ನಾನು ಏಳಬೇಕೆನ್ನುವಾಗ ಅತ್ತೆಯವರು ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುವಿ, “ಹಾಗಾದರೆ ಇದನ್ನೂ ಬಿಡಿಸು” ಎಂದು 2023ರ ಜೂನ್ ತಿಂಗಳ ಪುಟವನ್ನು ನನ್ನ ಮುಂದಿಟ್ಟರು.

ಆ ಪುಟದ ಅರ್ಥ ಹೀಗಿತ್ತು. ಅದಕ್ಕೆ ಮೊದಲು ಮನೆಗಳ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು: ಮೊದಲ ಐವತ್ತು ಯೂನಿಟ್ಟಿಗೆ ಒಂದು ದರ, ಮುಂದಿನ ಐವತ್ತಕ್ಕೆ ಸ್ವಲ್ಪ ಹೆಚ್ಚು, ಅದರಾಚೆಗೆ ಇನ್ನೂ ಹೆಚ್ಚು. ಎಷ್ಟೇ ಬಳಸಿದರೂ ಕೆಳಗಿನ ಮೆಟ್ಟಿಲುಗಳ ಅಗ್ಗದ ದರ ಎಲ್ಲರಿಗೂ ದೊರೆಯುತ್ತಿತ್ತು. 2023ರ ಮೇ 12ರ ಆಜ್ಞೆ ಈ ಮೆಟ್ಟಿಲುಗಳನ್ನು ತೆಗೆದು ಒಂದು ಎತ್ತರದ ಹೊಸಿಲನ್ನು ಇಟ್ಟಿತು. ನೂರು ಯೂನಿಟ್ಟಿನೊಳಗಿದ್ದರೆ 4 ರೂಪಾಯಿ 75 ಪೈಸೆ. ನೂರನ್ನು ದಾಟಿದರೆ ಎಲ್ಲ ಯೂನಿಟ್ಟುಗಳಿಗೂ 7 ರೂಪಾಯಿ. ನೂರು ಯೂನಿಟ್ ಸುಟ್ಟವನಿಗೆ 475 ರೂಪಾಯಿ. ನೂರೊಂದು ಸುಟ್ಟವನಿಗೆ 707. ಆ ಒಂದು ಯೂನಿಟ್ಟಿನ ಬೆಲೆ 232 ರೂಪಾಯಿಯಾಯಿತು! ಸಾಲದುದಕ್ಕೆ ಹೊಸ ದರ ಏಪ್ರಿಲ್ 1ರಿಂದಲೇ ಜಾರಿಯೆಂದು ಎಣಿಸಿದ್ದರಿಂದ, ಹಿಂದಿನ ತಿಂಗಳ ವ್ಯತ್ಯಾಸವೂ ಬಾಕಿಯೆಂಬ ಹೆಸರಿನಲ್ಲಿ ಜೂನ್ ತಿಂಗಳ ಬಿಲ್ಲಿಗೇ ಬಂದು ಸೇರಿತು. ಕೊಂಡುಕೊಳ್ಳುವ ವಿದ್ಯುತ್ತಿನ ಬೆಲೆಗೆ ಅನುಸಾರವಾದ ಹೊಂದಾಣಿಕೆ ಶುಲ್ಕವೂ ಅದೇ ಸಮಯದಲ್ಲಿ ಏರಿತು. ಅದು ಮೂರು ಹೊಳೆಗಳು ಒಂದೇ ಕಟ್ಟೆಯ ಮೇಲೆ ಬಿದ್ದಂತೆ. ಆ ಹೊಸಿಲು 2024ರ ಏಪ್ರಿಲಿನಲ್ಲಿ ಹೋಯಿತು. ಆದರೆ ಅಷ್ಟರಲ್ಲಿ ನಮ್ಮ ಅತ್ತೆಯವರ ಮಹಡಿ ಖಾಲಿಯಾಗಿತ್ತು.

ನಾನು ಇನ್ನೊಂದು ಮಾತನ್ನೂ ತೋರಿಸಬೇಕಾಯಿತು. ಕೆಳಗಿನ 92 ಯೂನಿಟ್ಟಿಗೆ ಬೇರೆಯ ಮೀಟರು ಇದ್ದಿದ್ದರೆ ಅದು ನೂರರೊಳಗೆ ನಿಂತು 437 ರೂಪಾಯಿಯಾಗುತ್ತಿತ್ತು. ಮಹಡಿಯೊಡನೆ ಕೂಡಿದ್ದರಿಂದ 644 ಆಯಿತು. ಹಾಗೆಯೇ, ಅದೇ ವರ್ಷ ಬಂದ ಗೃಹಜ್ಯೋತಿ ಯೋಜನೆ ತಿಂಗಳಿಗೆ 200 ಯೂನಿಟ್ಟಿನೊಳಗಿರುವ ಮನೆಗಳಿಗೆ. 2022–23ರ ಸರಾಸರಿಗೆ ಶೇಕಡಾ ಹತ್ತನ್ನು ಸೇರಿಸಿ ಪ್ರತಿ ಮನೆಯ ಪಾಲನ್ನು ಗೊತ್ತುಮಾಡಿದರು. ಎರಡು ಸಂಸಾರಗಳು ಕೂಡಿದ 212 ಆ ಗಡಿಯ ಹೊರಗೆ ಬಿತ್ತು. ಹೊಂದಿಕೊಂಡು ಒಂದೇ ಮೀಟರಿನಲ್ಲಿದ್ದುದಕ್ಕೆ ತೆತ್ತ ದಂಡವಿದು. ಇದರಲ್ಲಿ ಮೇಲಿನವರ ತಪ್ಪೂ ಇರಲಿಲ್ಲ, ಕೆಳಗಿನವರ ತಪ್ಪೂ ಇರಲಿಲ್ಲ.

ಅತ್ತೆಯವರು ಪುಟದ ಮೇಲೆ ಬೆರಳನ್ನಿಟ್ಟರು. ಏಪ್ರಿಲ್ 210, ಮೇ 214, ಜೂನ್ 212. ಉಪಮೀಟರಿನ ಅಂಕಣದಲ್ಲಿ 119, 122, 120.

“ನನ್ನ ಕೈಬರಹವೇ ಅಲ್ಲವೇನೋ ಇದು? ಯೂನಿಟ್ಟು ಒಂದೂ ಹೆಚ್ಚಾಗಿಲ್ಲ. ನಾನು ರೂಪಾಯಿಯ ಅಂಕಣ ನೋಡಿದೆ, ಯೂನಿಟ್ಟಿನ ಅಂಕಣ ನೋಡಲಿಲ್ಲ” ಎಂದರು. ಆಮೇಲೆ ಬಹಳ ಹೊತ್ತು ಮಾತಿಲ್ಲ. ನಾನು ಸಮಾಧಾನಕ್ಕೆಂದು, “ದರ ಏರಿದ್ದು ಎಲ್ಲರಿಗೂ ಅಲ್ಲವೇ ಅತ್ತೆ, ಅದರಲ್ಲಿ ಅವರ ಪಾಲೂ ಉಂಟು” ಎಂದೆ. “ಉಂಟು. ಅದನ್ನೂ ಲೆಕ್ಕ ಹಾಕುತ್ತೇನೆ” ಎಂದರು. ಅವರ ಪಾಲಿಗೆ ನ್ಯಾಯವಾಗಿ ಬರತಕ್ಕದ್ದು 980 ರೂಪಾಯಿ, ಮುರಿದುಕೊಂಡಿದ್ದು 2,400, ಹಿಂದಿರುಗಿಸತಕ್ಕದ್ದು 1,420. ಅವರ ಹೊಸ ವಿಳಾಸವನ್ನು ಪತ್ತೆಹಚ್ಚುವುದಕ್ಕೆ ನನಗೆ ಮಳೆಗಾಲವೆಲ್ಲ ಹಿಡಿಯಿತು. ಅವರು ಬಿ. ಟಿ. ಎಂ. ಬಡಾವಣೆಯಲ್ಲಿದ್ದರು. “ನೀನೇ ಹೋಗಿ ಕೊಟ್ಟು ಬಾ. ಪುಸ್ತಕವನ್ನೂ ತೋರಿಸು. ನನಗೆ ಅವರ ಮನೆಗೆ ಹೋಗುವ ಮುಖವಿಲ್ಲ. ಸಂಜೆ ರಾಹುಕಾಲಕ್ಕೆ ನಾನು ಆಟೋ ಮಾಡಿಕೊಂಡು ಬನಶಂಕರಿಗೆ ಬಂದಿರುತ್ತೇನೆ; ಅಲ್ಲಿ ಸಿಕ್ಕು” ಎಂದು ಅತ್ತೆಯವರು ಅಪ್ಪಣೆ ಮಾಡಿದರು.

ಹೀಗೆ ನನ್ನ ಸಂಚಾರ ಆರಂಭವಾಯಿತು. ಮಧ್ಯಾಹ್ನದ ಊಟ ಮುಗಿಸಿ ನಾಲ್ಕನೆಯ ಬ್ಲಾಕಿನ ಕಡೆಗೆ ನಡೆದೆ. ವಾಣಿಜ್ಯ ಸಂಕೀರ್ಣದ ಸುತ್ತ ಭಾನುವಾರದ ಜನಸಂದಣಿ. ಕಾರ್ತಿಕವಾದ್ದರಿಂದ ಕಾಲುದಾರಿಯ ಮೇಲೆ ಮಣ್ಣಿನ ಹಣತೆಗಳ ರಾಶಿ. ಅದರ ಪಕ್ಕದಲ್ಲೇ ಗುಂಡಿಯೊತ್ತಿದರೆ ಮಿಣುಕುವ ಪ್ಲಾಸ್ಟಿಕ್ ಹಣತೆಗಳು. ಅಲ್ಲಿಂದ ರಾಷ್ಟ್ರೀಯ ವಿದ್ಯಾಲಯ ರಸ್ತೆಯ ಮೆಟ್ರೋ ನಿಲ್ದಾಣ ಹತ್ತಿರ. ಹಸಿರು ಮಾರ್ಗದ ರೈಲು ಇಲ್ಲಿಗೆ 2017ರಿಂದ ಬರುತ್ತಿದೆ. 2025ರ ಆಗಸ್ಟ್ 10ರಂದು ಇಲ್ಲಿಂದಲೇ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗವೂ ಆರಂಭವಾಯಿತು. ನಾನು ಹಳದಿ ರೈಲನ್ನು ಹತ್ತಿದೆ.

ಎತ್ತರದ ಹಳಿಯ ಮೇಲಿಂದ ನೋಡಿದರೆ ಬೆಂಗಳೂರು ಬೇರೊಂದು ಊರಾಗಿ ಕಾಣುತ್ತದೆ. ಬೀದಿಯಲ್ಲಿ ನಡೆಯುವವರಿಗೆ ಮನೆಗಳ ಮುಖ ಕಂಡರೆ, ಇಲ್ಲಿ ಕುಳಿತವರಿಗೆ ನೆತ್ತಿ ಕಾಣುತ್ತದೆ. ಕಪ್ಪು ನೀರಿನ ತೊಟ್ಟಿಗಳು, ಒಣಹಾಕಿದ ಸೀರೆಗಳು, ಬಿಸಿಲಿಗೆ ಓರೆಯಾಗಿ ನಿಂತ ಸೌರ ಒಲೆಗಳ ಗಾಜು. ಬಲಗಡೆಗೆ ರಾಗಿಗುಡ್ಡ; ರಾಗಿಯ ರಾಶಿಯೇ ಕಲ್ಲಾಯಿತೆಂಬ ಐತಿಹ್ಯವುಳ್ಳ ಆ ಬಂಡೆಯ ಮೇಲೆ ಪ್ರಸನ್ನ ಆಂಜನೇಯನ ಗುಡಿ. ಅದರಾಚೆಗೆ ಜಯಪ್ರಕಾಶ ನಾರಾಯಣರ ಹೆಸರನ್ನು ಹೊತ್ತ ಜೆ. ಪಿ. ನಗರ. ಮುಂದಕ್ಕೆ ಹೋದಂತೆ ಮೇಲೆ ರೈಲು, ಅದರ ಕೆಳಗೆ ಮೇಲ್ಸೇತುವೆ, ಅದರ ಕೆಳಗೆ ರಸ್ತೆ, ಹೀಗೆ ಮೂರು ಅಂತಸ್ತಿನ ಸಂಚಾರ. ಈ ರೈಲಿಗೆ ಹೊಗೆಯಿಲ್ಲ. ಹಳಿಯ ಪಕ್ಕದಲ್ಲೇ ಓಡುವ ಮೂರನೆಯ ಹಳಿಯಿಂದ 750 ವೋಲ್ಟಿನ ವಿದ್ಯುತ್ತನ್ನು ಹೀರಿಕೊಂಡು ಓಡುತ್ತದೆ.

ಈ ಊರಿಗೂ ವಿದ್ಯುತ್ತಿಗೂ ಇರುವ ನಂಟು ಹಳೆಯದು. ಕಾವೇರಿಯು ಶಿವನಸಮುದ್ರದಲ್ಲಿ ಧುಮುಕುವ ರಭಸದಿಂದ ವಿದ್ಯುತ್ತನ್ನು ತೆಗೆದು, 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದರು. ಬೆಳಕು ಮೊದಲು ಹೋದದ್ದು ಚಿನ್ನಕ್ಕೆ. ಮನುಷ್ಯರಿಗೆ ಬಂದದ್ದು ಆಮೇಲೆ. 1905ರ ಆಗಸ್ಟ್ 5ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ಟಿನ ಬಳಿ ವಿದ್ಯುದ್ದೀಪಗಳು ಬೆಳಗಿದವು. ನೂರ ಹದಿನೆಂಟು ವರ್ಷಗಳ ತರುವಾಯ, 2023ರ ಅದೇ ಆಗಸ್ಟ್ 5ರಂದು ಕಲಬುರಗಿಯಲ್ಲಿ ಗೃಹಜ್ಯೋತಿಯ ಉದ್ಘಾಟನೆಯಾದದ್ದು ಒಂದು ವಿಚಿತ್ರ ಯೋಗಾಯೋಗ.

ನೀರಿನಿಂದ ಬರುತ್ತಿದ್ದ ಕಾಲದಲ್ಲಿ ವಿದ್ಯುತ್ತಿನ ಬೆಲೆಯನ್ನು ಕುರಿತು ಇಷ್ಟು ಗೊಂದಲವಿರಲು ಕಾರಣವಿರಲಿಲ್ಲ. ಶಿವನಸಮುದ್ರವಾಯಿತು, ಜೋಗವಾಯಿತು, 1960ರ ದಶಕದಲ್ಲಿ ಲಿಂಗನಮಕ್ಕಿಯ ಕಟ್ಟೆಯೂ ಶರಾವತಿಯ ವಿದ್ಯುದಾಗಾರವೂ ಆದವು. ಅಣೆಕಟ್ಟನ್ನು ಒಮ್ಮೆ ಕಟ್ಟಿದರೆ ಮಳೆ ತನ್ನ ಬೆಲೆಯನ್ನು ಕೇಳುವುದಿಲ್ಲ. ಆದರೆ ಊರು ಬೆಳೆಯಿತು, ಹೊಳೆಗಳು ಸಾಲದಾದವು. 1985ರಿಂದ ರಾಯಚೂರಿನಲ್ಲಿ ಕಲ್ಲಿದ್ದಲನ್ನು ಸುಟ್ಟು ವಿದ್ಯುತ್ತನ್ನು ತೆಗೆಯತೊಡಗಿದರು. ಕಲ್ಲಿದ್ದಲಿಗೆ ಬೆಲೆಯುಂಟು, ಅದನ್ನು ಹೊರುವ ರೈಲಿಗೆ ಕೂಲಿಯುಂಟು. ಅದು ಏರಿದಾಗ ನಮ್ಮ ಬಿಲ್ಲಿನ ಹೊಂದಾಣಿಕೆ ಶುಲ್ಕವೂ ಏರುತ್ತದೆ. ಮಳೆ ಕಡಮೆಯಾದ ವರ್ಷ ಹೊರಗಿನಿಂದ ಕೊಂಡರೆ ಅದರ ಭಾರವೂ ಅಲ್ಲಿಯೇ. ಒಂದೇ ಮಂಡಲಿಯಾಗಿದ್ದುದು 1999ರಿಂದ ಬಿಡಿಬಿಡಿಯಾಗಿ, ಬೆಂಗಳೂರಿನ ವಿತರಣೆ 2002ರ ಜೂನ್ 1ರಿಂದ ಬೆಸ್ಕಾಂ ಎಂಬ ಕಂಪನಿಗೆ ಸೇರಿತು. ಅತ್ತೆಯವರ ಬಾಯಲ್ಲಿ ಮಾತ್ರ ಅದು ಈಗಲೂ ‘ಕೆ. ಇ. ಬಿ.’ಯೇ. ಹೆಸರು ಬದಲಾದಂತೆಲ್ಲ ಬಿಲ್ಲಿನ ಸಾಲುಗಳು ಹೆಚ್ಚಿದವು. ಅವುಗಳ ಅರ್ಥವನ್ನು ಮನೆಮನೆಗೆ ಹೇಳುವ ಕೆಲಸ ಮಾತ್ರ ಯಾರ ಪಾಲಿಗೂ ಬರಲಿಲ್ಲ.

ಬಿ. ಟಿ. ಎಂ. ನಿಲ್ದಾಣದಲ್ಲಿ ಇಳಿದೆ. ಈ ಮೂರು ಅಕ್ಷರಗಳಲ್ಲಿ ಮೂರು ಹಳ್ಳಿಗಳು ಅಡಗಿವೆ: ಬೈರಸಂದ್ರ, ತಾವರೆಕೆರೆ, ಮಡಿವಾಳ. ಜಯನಗರದ ಗೆರೆಯೆಳೆದ ಬೀದಿಗಳಿಂದ ಬಂದವನಿಗೆ ಇಲ್ಲಿಯ ಒತ್ತುಗಟ್ಟಿದ ಕಟ್ಟಡಗಳು ಬೆರಗು ಹುಟ್ಟಿಸುತ್ತವೆ. ಊರೂರುಗಳಿಂದ ಕೆಲಸ ಹುಡುಕಿ ಬಂದ ತರುಣರಿಗೆ ಊಟ ವಸತಿ ಕೊಡುವ ಮನೆಗಳು ಬೀದಿಗೆ ನಾಲ್ಕು. ಕಟ್ಟಡವೊಂದರ ಬಾಗಿಲ ಬಳಿ ಒಂದು ಮುಖ್ಯ ಮೀಟರು. ಅದರ ಕೆಳಗೆ ಸಾಲಾಗಿ ಉಪಮೀಟರುಗಳು, ಹಸುವಿನ ಸುತ್ತ ಕರುಗಳಂತೆ. ಅಂಥದೊಂದು ಕಟ್ಟಡದ ಮೂರನೆಯ ಅಂತಸ್ತಿನಲ್ಲಿ ಅವರ ಮನೆ.

ಮನೆಯಾಕೆ ನನ್ನನ್ನು ಕಂಡು ಮೊದಲು ಗಾಬರಿಗೊಂಡರು. “ಅಮ್ಮ ಚೆನ್ನಾಗಿದ್ದಾರೆ ತಾನೆ, ಮೇಷ್ಟ್ರೇ?” ಎಂಬುದೇ ಅವರ ಮೊದಲ ಮಾತು. ಚೆನ್ನಾಗಿದ್ದಾರೆಂದು ಹೇಳಿ, ಕುಳಿತು, ಬಂದ ಕಾರಣವನ್ನು ತಿಳಿಸಿದೆ. ಲಕೋಟೆಯನ್ನು ಮುಂದಿಟ್ಟು ಪುಸ್ತಕದ ಪುಟವನ್ನು ತೆರೆದು ತೋರಿಸಿದೆ. ಅವರು ಹಣವನ್ನು ಮುಟ್ಟಲಿಲ್ಲ. ಪುಟವನ್ನು ಮಾತ್ರ ಬಹಳ ಹೊತ್ತು ನೋಡಿದರು.

“ದುಡ್ಡಿನ ಮಾತಲ್ಲ ಮೇಷ್ಟ್ರೇ. ಆವತ್ತು ಅಮ್ಮ ಒಂದು ಮಾತು ನಮ್ಮನ್ನು ಕೇಳಬಹುದಿತ್ತು. ನಾವೇ ಇನ್ನೊಂದು ತಂತಿ ಎಳೆದುಕೊಂಡಿದ್ದೇವೆ ಅಂತ ಬೀದಿಯವರೆಲ್ಲ ಆಡಿಕೊಳ್ಳುವ ಹಾಗಾಯಿತು. ಇವರು ಎರಡು ದಿನ ಊಟ ಬಿಟ್ಟರು” ಎಂದರು. ಅವರ ಪತಿ ಕೋಣೆಯ ಬಾಗಿಲಲ್ಲಿ ನಿಂತಿದ್ದವರು, “ಹೋಗಲಿ ಬಿಡು” ಎಂದು ಒಳಗೆ ಹೋದರು. ನನಗೆ ಹೇಳಲು ಏನೂ ತೋಚಲಿಲ್ಲ. ತಪ್ಪಾಯಿತೆಂದು ಹೇಳಿಕಳುಹಿಸಿದ್ದಾರೆ ಎಂದಷ್ಟೇ ಹೇಳಿದೆ.

ಮಗಳು ಈಗ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳು ಪುಸ್ತಕವನ್ನು ತೆಗೆದುಕೊಂಡು, ಅತ್ತೆಯವರು ಬಿಡಿಸಿಟ್ಟ ಲೆಕ್ಕವನ್ನು ಸಾಲು ಸಾಲಾಗಿ ಓದಿ, “ಅಜ್ಜಿಯ ಲೆಕ್ಕ ಸರಿಯಾಗಿದೆಯಮ್ಮ. 980 ನಾವು ಕೊಡಬೇಕಾಗಿದ್ದದ್ದೇ. ಅದನ್ನು ಹಿಡಿದುಕೊಂಡು ಉಳಿದದ್ದನ್ನು ಕಳಿಸಿದ್ದಾರೆ. ತೆಗೆದುಕೋ” ಎಂದಳು. ತಾಯಿ ಸುಮ್ಮನೆ ಒಳಗೆ ಹೋಗಿ ಕಾಫಿ ತಂದರು. ಲಕೋಟೆಯನ್ನು ದೇವರ ಪಟದ ಮುಂದಿಟ್ಟರು.

ಕಾಫಿ ಕುಡಿಯುತ್ತ, ಇಲ್ಲಿಯ ವಿದ್ಯುತ್ತಿನ ವ್ಯವಸ್ಥೆ ಹೇಗೆಂದು ಕೇಳಿದೆ. ಉಪಮೀಟರನ್ನು ನೋಡಿ ಯೂನಿಟ್ಟಿಗೆ ಹತ್ತು ರೂಪಾಯಿಯಂತೆ ಕೊಡುತ್ತಾರಂತೆ. ಏಕೆ ಹತ್ತು, ಅದರಲ್ಲಿ ನಿಗದಿತ ಶುಲ್ಕವೆಷ್ಟು ಸೇರಿದೆ, ಯಾರೂ ಹೇಳಿಲ್ಲ, ಯಾರೂ ಕೇಳಿಲ್ಲ. ತಮ್ಮ ಹೆಸರಿಗೆ ಬೇರೆ ಮೀಟರು ಇಲ್ಲವಾದ್ದರಿಂದ ಗೃಹಜ್ಯೋತಿಯೂ ಇಲ್ಲ. ಕಟ್ಟಡದ ಎಲ್ಲ ಸಂಸಾರಗಳೂ ಆ ಒಂದು ಮುಖ್ಯ ಮೀಟರಿನ ಲೆಕ್ಕದಲ್ಲಿ ಒಂದೇ ಮನೆ. “ಬಿಲ್ಲು ತೋರಿಸಿ ಅಂದರೆ ಮನೆ ಬಿಡಿ ಅಂದಾರು ಅನ್ನುವ ಹೆದರಿಕೆ” ಎಂದರು ಆ ತಾಯಿ. ಬಾಡಿಗೆ ಮನೆಯಲ್ಲಿ ಬಾಳುವವರಿಗೆ ಈ ಹೆದರಿಕೆಯೂ ಒಂದು ನಿಗದಿತ ಶುಲ್ಕವೇ.

ನಾನು ಹೊರಡಲು ಎದ್ದಾಗ ಹುಡುಗಿ, “ಅಜ್ಜಿ ಬನಶಂಕರಿಗೆ ಬರುತ್ತಾರಾ? ನಾನೂ ಬರುತ್ತೇನೆ. ನೋಡಿ ಎರಡು ವರ್ಷವಾಯಿತು” ಎಂದು ಚಪ್ಪಲಿ ಮೆಟ್ಟಿಕೊಂಡಳು. ತಾಯಿ ಬೇಡವೆನ್ನಲಿಲ್ಲ. ನಾಲ್ಕು ನಿಂಬೆಹಣ್ಣುಗಳನ್ನು ಕಾಗದದಲ್ಲಿ ಸುತ್ತಿ ಅವಳ ಕೈಗಿತ್ತರು.

ಬಂದ ದಾರಿಯಲ್ಲೇ ಹಿಂತಿರುಗಿ, ರಾಷ್ಟ್ರೀಯ ವಿದ್ಯಾಲಯ ರಸ್ತೆಯಲ್ಲಿ ಹಸಿರು ರೈಲಿಗೆ ಬದಲಾಯಿಸಿಕೊಂಡರೆ ಮುಂದಿನ ನಿಲ್ದಾಣವೇ ಬನಶಂಕರಿ. ಕನಕಪುರ ರಸ್ತೆಯ ಈ ಗುಡಿ 1915ರಲ್ಲಿ ಆದದ್ದು. ಊರು ಇತ್ತ ಬರುವುದಕ್ಕೆ ಎಷ್ಟೋ ಮೊದಲೇ ದೇವಿ ಇಲ್ಲಿ ನೆಲೆಸಿದ್ದಳು. ಬಡಾವಣೆ ಆಮೇಲೆ ಅವಳ ಹೆಸರನ್ನು ಪಡೆಯಿತು. ಬೇರೆಡೆ ಶುಭಕಾರ್ಯಕ್ಕೆ ಸಲ್ಲದ ರಾಹುಕಾಲವೇ ಇಲ್ಲಿ ಪೂಜೆಗೆ ಶ್ರೇಷ್ಠವೆಂಬುದು ಈ ಕ್ಷೇತ್ರದ ವಿಶೇಷ. ಮಂಗಳವಾರ, ಶುಕ್ರವಾರ, ಭಾನುವಾರಗಳಲ್ಲಿ ಹೆಂಗಸರು ನಿಂಬೆಹಣ್ಣನ್ನು ಇಬ್ಭಾಗವಾಗಿ ಕೊಯ್ದು, ರಸ ಹಿಂಡಿ, ಸಿಪ್ಪೆಯನ್ನು ಒಳಮಗ್ಗುಲಾಗಿ ತಿರುಗಿಸಿ, ಆ ಬಟ್ಟಲಿಗೆ ಎಣ್ಣೆ ಬತ್ತಿಯಿಟ್ಟು ಹಚ್ಚುತ್ತಾರೆ. ಭಾನುವಾರದ ರಾಹುಕಾಲ ನಾಲ್ಕೂವರೆಯಿಂದ ಆರರವರೆಗೆ. ನಾವು ಹೋಗುವ ವೇಳೆಗೆ ಅಂಗಳದಲ್ಲಿ ದೀಪಗಳ ಸಾಲು ಬೆಳಗುತ್ತಿತ್ತು. ಎಣ್ಣೆಯ ಹೊಗೆಯೊಡನೆ ನಿಂಬೆಯ ಕಂಪು ಬೆರೆತಿತ್ತು.

ಅತ್ತೆಯವರು ಕಂಬದ ಬಳಿ ಕುಳಿತಿದ್ದರು. ನನ್ನ ಹಿಂದೆ ಬರುತ್ತಿದ್ದ ಹುಡುಗಿಯನ್ನು ಕಂಡು ಏಳಲು ಪ್ರಯತ್ನಿಸಿದರು, ಮೊಣಕಾಲು ಬಿಡಲಿಲ್ಲ. ಹುಡುಗಿಯೇ ಬಂದು ಪಕ್ಕದಲ್ಲಿ ಕುಳಿತಳು. ಇಬ್ಬರೂ ಸ್ವಲ್ಪ ಹೊತ್ತು ನಿಂಬೆಹಣ್ಣುಗಳನ್ನೇ ನೋಡುತ್ತಿದ್ದರು.

“ರಾತ್ರಿ ಓದುತ್ತೀಯೇನಮ್ಮ?” ಎಂದು ಅತ್ತೆಯವರು ಕೇಳಿದರು.

“ಓದುತ್ತೇನೆ ಅಜ್ಜಿ. ಒಂದು ಗಂಟೆಯವರೆಗೆ.”

ಅತ್ತೆಯವರು ಸೆರಗಿನಿಂದ ಕಣ್ಣೊರಸಿಕೊಂಡು, “ಓದು, ಓದು” ಎಂದರು. ಮಾತು ನಿಧಾನವಾಗಿ ದಾರಿಗೆ ಬಂತು. ಕಾಲೇಜು ಯಾವುದು, ಅಪ್ಪನ ಕೆಲಸ ಹೇಗಿದೆ, ಅಲ್ಲಿ ನೀರು ಬರುತ್ತದೆಯೆ. ಕೊನೆಗೆ ನಾನು ಊಹಿಸಿದ್ದ ಪ್ರಶ್ನೆಯೂ ಬಂತು: ಯೂನಿಟ್ಟಿಗೆ ಎಷ್ಟು? ಹತ್ತು ರೂಪಾಯಿ ಎಂದು ಕೇಳಿದೊಡನೆ ಅವರ ಹೈಸ್ಕೂಲಿನ ದನಿ ಮರಳಿ ಬಂತು.

“ಬಿಲ್ಲು ತೋರಿಸಿ ಅಂತ ಕೇಳಬೇಕು ಕಣಮ್ಮ. ಜಗಳಕ್ಕಲ್ಲ, ಓದುವುದಕ್ಕೆ. ನಾನು ನಿಮಗೆ ತೋರಿಸಲಿಲ್ಲ, ನೀವು ಕೇಳಲಿಲ್ಲ. ಇಬ್ಬರೂ ಕೂತು ಓದಿದ್ದರೆ ಕೆ. ಇ. ಬಿ.ಯವರನ್ನು ಬೈದುಕೊಂಡು ಕಾಫಿ ಕುಡಿಯಬಹುದಾಗಿತ್ತು.”

ಹುಡುಗಿ ನಕ್ಕಳು. ತಾಯಿ ಕೊಟ್ಟ ನಿಂಬೆಹಣ್ಣನ್ನು ಕೊಯ್ದು, ಸಿಪ್ಪೆಯನ್ನು ತಿರುಗಿಸಿ, ಅತ್ತೆಯವರ ದೀಪದಿಂದಲೇ ತನ್ನ ಬತ್ತಿಯನ್ನು ಹಚ್ಚಿಕೊಂಡಳು. ಗುಡಿಯ ಮೇಲಿನ ವಿದ್ಯುದ್ದೀಪಗಳು ಆಗತಾನೆ ಹೊತ್ತಿಕೊಂಡವು. ಆರು ಗಂಟೆಗೆ ನಾವು ಮೂವರೂ ಆಟೋ ಹತ್ತಿದೆವು. ಹುಡುಗಿಯನ್ನು ರಾತ್ರಿಯ ಊಟಕ್ಕೆ ನಿಲ್ಲಿಸಿಕೊಳ್ಳುವುದೆಂದು ಅತ್ತೆಯವರು ದಾರಿಯಲ್ಲೇ ನಿಶ್ಚಯಿಸಿದ್ದರು. ಮೂರನೆಯ ಬ್ಲಾಕಿನ ಮನೆಯ ಮುಂದೆ ಇಳಿದಾಗ ಅವರು ಮೊದಲು ಮಾಡಿದ ಕೆಲಸ, ಮಹಡಿಯ ಮೆಟ್ಟಿಲಿನ ದೀಪವನ್ನು ಹಾಕಿದ್ದು. ಎರಡು ವರ್ಷಗಳಿಂದ ಅದನ್ನು ಯಾರೂ ಹಾಕಿರಲಿಲ್ಲ. ಒಂದೆರಡು ಸಲ ಮಿಣುಕಿ, ಆಮೇಲೆ ಅದು ಸರಿಯಾಗಿ ಹತ್ತಿಕೊಂಡಿತು.